ಹಾಲವ್ವನ ಬಲತೋಳು

ಬನಹಟ್ಟಿಯ ಹಾಲವ್ವನ ಎರಡು ತೋಳುಗಳು ಒಂದೇ ತಾಯಿಯ ಮಕ್ಕಳಂತಿರಲಿಲ್ಲ. ಲಂಗ ಉಡುವ ವಯಸ್ಸಿನಿಂದ ಬಲಗೈಯಲ್ಲಿ ರಾಟಿ ತಿರುವಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದವಳು. ಬಲತೋಳು ಪೈಲ್ವಾನನದು, ಎಡತೋಳು ಪೈಲ್ವಾನನ ತಂಗಿಯದು. ಮಗಳ ಮದುವೆಯಲ್ಲಿ ಅಕ್ಷತೆ ಹಾಕಲು ಕೈಯೆತ್ತಿದಾಗ ಹೊಸ ಕುಬಸದ ಹೊಲಿಗೆ ಕಂಕುಳಲ್ಲಿ ಪರ್‍ರೆಂದಿತ್ತು. ವಾಲಗದವರು ಉಸಿರು ತೆಗೆದುಕೊಳ್ಳಲು ಅದೇ ಗಳಿಗೆ ಆರಿಸಬೇಕೆ!

"ನಮ್ಮ ಬೀಗತಿ ರೊಕ್ಕದ ಗಂಟ ಬಿಚ್ಚಾಕಿ ಅಲ್ಲ ಅಂದಿದ್ನಿ, ಹೊಲಿಗಿ ಬಿಚ್ಚಿದ್ಲ ನೋಡವ್ವಾ!" ಎಂದು ಚಿಮ್ಮಡದ ಬೀಗತಿ ತಂಗೆವ್ವ ಹಂದರವನ್ನೆಲ್ಲ ನಗಿಸಿದ್ದಳು.

ಈಗ ಆ ಮಗಳಿಗೇ ಏಳು ತಿಂಗಳು. ಚಿಮ್ಮಡದಲ್ಲಿ ಬಸುರಿಗೆ ಕುಬಸ ತೊಡಿಸುವ ಕಾರ್ಯ. ಅದೇ ತಂಗೆವ್ವನೆದುರು ಕೈಯೆತ್ತಿ ಆರತಿ ಬೆಳಗಬೇಕು. ಈ ಸಲವಾದರೂ ಹೊಲಿಗೆ ಮಾನ ಉಳಿಸಬೇಕಿತ್ತು.

ಓಣಿಗೊಬ್ಬನೇ ಸಿಂಪಿಗ ಮುರಗೆಪ್ಪ. ಜಮಖಂಡಿ ಅರಮನೆಯ ಪರದೆಗೆ ಅಂಚು ಹೊಲಿದು ಬಂದವನು. "ಇದು ರಾಜರ ಬಟ್ಟಿ ಹೊಲದ ಕೈ" ಎನ್ನುತ್ತಿದ್ದ; ಪರದೆಯ ಸಂಗತಿ ಮಾತ್ರ ಪರದೆಯ ಹಿಂದೆಯೇ ಉಳಿಯುತ್ತಿತ್ತು. ಹೆಂಗಸರ ಮೈಗೆ ಟೇಪು ಹಿಡಿಯುವ ರೂಢಿಯಿರಲಿಲ್ಲ; ಹಳೆಯ ಕುಬಸವೇ ಅಳತೆ. ಹಾಲವ್ವ ಹಳೆಯದರ ಬಲತೋಳಿಗೆ ತಾನೇ ಒಂದು ತುಂಡು ಕೂಡಿಸಿ, ಹೊಸ ಖಣದ ಜೊತೆ ಕಳಿಸಿಕೊಟ್ಟಳು.

ಹೊಲಿದು ಬಂದ ಕುಬಸ ಮತ್ತೆ ಬಲತೋಳಿನಲ್ಲೇ ಸಿಕ್ಕಿಕೊಂಡಿತು. ಅದನ್ನು ಹಿಡಿದು ನೆಟ್ಟಗೆ ಅವನ ಮನೆಯ ಕಟ್ಟೆಗೆ ಹೋದಳು.

"ಅಣ್ಣಾ, ಅಳತಿ ನೋಡಿದ್ಯೋ ಇಲ್ಲೋ?"

"ನೋಡೇನವ್ವಾ. ಯಾರೋ ಅಡನಾಡಿಗೋಳು ಒಂದ ತೋಳಿಗೆ ತುಂಡ ಹಚ್ಚಿದ್ರು. ತಿದ್ದೇನಿ. ನನ್ನ ಕತ್ತರಿಗೆ ಎರಡೂ ತೋಳ ಸಮ."

"ಆ ಅಡನಾಡಿ ನಾನ. ನನ್ನ ತೋಳ ಸಮ ಇಲ್ಲ."

"ದೇವರು ಎರಡೂ ಕೈ ಒಂದ ಅಳತಿಲೆ ಕೊಟ್ಟಿರತಾನ, ತಂಗಿ."

"ದೇವರು ಕೊಟ್ಟದ್ದು ಖರೆ. ಆಮ್ಯಾಲೆ ರಾಟಿ ಕೊಟ್ಟವರ್‍ಯಾರು?"

ಒಳಗೆ ಕಂಡಿಕೆ ಸುತ್ತುತ್ತಿದ್ದ ಅವನ ಹೆಂಡತಿ ಭಾಗವ್ವ ಹೊರಗೆ ಬಂದಳು. "ರೀ, ಆಕಿ ಜೋಡಿ ಏನ್ ವಾದ ಮಾಡ್ತೀರಿ? ಲಗ್ನ ಆದಾಗಿಂದ ನೀವು ಹೊಲದ ಕುಬಸದ ಬಲತೋಳ ಬಿಚ್ಚಿ ಬಿಚ್ಚಿ ನಾನ ಹೊಲಕೊಂಡೇನಿ. ಓಣ್ಯಾಗಿನ ಹೆಂಗಸರೆಲ್ಲಾ ಹಿತ್ತಲ ಬಾಗಲಾಗಿಂದ ನನ್ನ ಕಡೆ ಬರತಾರ. ಈಕಿ ಒಬ್ಬಾಕಿ ಮುಂಬಾಗಲಕ್ಕ ಬಂದಾಳ!"

ಮುರಗೆಪ್ಪ ಬಾಯಲ್ಲಿ ಕಚ್ಚಿಕೊಂಡಿದ್ದ ಸೂಜಿ ಕೆಳಗೆ ಬಿತ್ತು. ಅದನ್ನೆತ್ತಿಕೊಂಡು ಕುಬಸದ ಬಲತೋಳು ಬಿಚ್ಚಿದ. ಹೆಂಡತಿ ಬೆರಳಿಟ್ಟು ತೋರಿಸಿದಲ್ಲಿ ಮೂರು ಮೂಲೆಯ ತುಂಡು ಕೂಡಿಸಿದ. ಕೊಡುವಾಗ ಮಾತ್ರ ಗಂಟಲು ಸರಿಮಾಡಿಕೊಂಡು, "ಇದು ಅರಮನಿ ಪದ್ಧತಿ. ಯಾರ ಮುಂದೂ ಹೇಳಬ್ಯಾಡ" ಎಂದ.

ಚಿಮ್ಮಡದಲ್ಲಿ ಹಾಲವ್ವ ಆರತಿ ಎತ್ತಿದಳು. ತಂಗೆವ್ವ ಕಿವಿ ನಿಮಿರಿಸಿ ಕಾದಳು. ಹಾಲವ್ವ ಬೇಕೆಂದೇ ಇನ್ನೊಂದು ಸುತ್ತು ಹೆಚ್ಚಿಗೆ ಬೆಳಗಿದಳು. ಕುಬಸ ಉಸಿರೆತ್ತಲಿಲ್ಲ.

ಊಟವಾದ ಮೇಲೆ ತಂಗೆವ್ವ ತನ್ನ ಬಲತೋಳನ್ನು ಸವರಿಕೊಳ್ಳುತ್ತ ಹತ್ತಿರ ಸರಿದು, ಮೆಲ್ಲಗೆ ಕೇಳಿದಳು: "ಯಾರು ಹೊಲದಾರವ್ವಾ ಇದನ್ನ?"

"ನಮ್ಮ ಓಣ್ಯಾಗ ಭಾಗವ್ವ ಅಂತ ಅದಾಳ," ಎಂದಳು ಹಾಲವ್ವ. "ಆಕಿ ಗಂಡನೂ ಸುಮಾರ ಹೊಲಿತಾನ."