ನರಸಪ್ಪ ಭಾವ ದೋಣಿ ತಂದದ್ದು

ನಮ್ಮ ಭಾವ ನರಸಪ್ಪನವರನ್ನು ಮೆಚ್ಚಬೇಕೋ ಬೈಯಬೇಕೋ ನನಗೆ ಈವತ್ತಿಗೂ ತಿಳಿದಿಲ್ಲ. ಅವರ ಹೆಂಡತಿ, ಅಂದರೆ ನನ್ನ ಅಕ್ಕ ಓಬಳಮ್ಮ, ಮದುವೆಯಾದಾಗಿನಿಂದ ಎರಡನ್ನೂ ಒಟ್ಟೊಟ್ಟಿಗೇ ಮಾಡಿಕೊಂಡು ಬಂದಿದ್ದಾಳೆ. ನನಗೆ ಅಷ್ಟು ತಾಳ್ಮೆಯಿಲ್ಲ. ನಾನು ಊರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ಯಾವುದೇ ವಿಷಯವಾಗಲಿ, ಸರಿಯೋ ತಪ್ಪೋ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುವ ಚಟ ನನಗೆ. ಆ ದೋಣಿಯ ದಿನ ಮಾತ್ರ ನನ್ನ ಬಾಯಿ ಕಟ್ಟಿಹೋಯಿತು.

ನಂದಿಯ ಪಕ್ಕದ ನಮ್ಮೂರಿನಲ್ಲಿ ಎಲ್ಲರಿಗಿಂತ ಕೊನೆಯವರೆಗೆ ಎತ್ತಿನ ಗಾಡಿ ಹೊಡೆದವರು ಭಾವ. ಗಾಡಿಗೆ ಹೇರುವಾಗ ಅವರಿಗೊಂದು ನೇಮವಿತ್ತು. ಮುಂದುಗಡೆ ಭಾರ ಬೀಳಬಾರದು, ಎತ್ತಿನ ಹೆಗಲು ಬಾತುಕೊಳ್ಳುತ್ತದೆ. ನೊಗ ಕಟ್ಟುವ ಮೂಕಿ ಹೂವಿನ ಹಾಗೆ ಹಗುರವಾಗಿ ನಿಲ್ಲಬೇಕು. ಹುಲ್ಲಾಗಲಿ ಇಟ್ಟಿಗೆಯಾಗಲಿ, ಒಂದೊಂದೇ ಹಿಂದಕ್ಕೆ ಸರಿಸಿ, ನೊಗದ ಕೆಳಗೆ ಕೈಯಿಟ್ಟು ಎತ್ತಿ ನೋಡಿ, ಆಮೇಲೇ ಹೊರಡುತ್ತಿದ್ದರು. ಎತ್ತುಗಳು ಹೋದ ಮೇಲೆ ಪಿಕಪ್ ಬಂತು. ಮನುಷ್ಯ ಬದಲಾಗಲಿಲ್ಲ. ದ್ರಾಕ್ಷಿ, ಹುರುಳಿಕಾಯಿ ಇಳಿಸಿ ಮಾರ್ಕೆಟ್ಟಿನಿಂದ ಬಂದರೆ ಹೊಂಗೆ ಮರದ ನೆರಳು ಹುಡುಕಿ ನಿಲ್ಲಿಸಿ, ಬಾನೆಟ್ ಸವರಿ, 'ಪಾಪ, ದಣಿದೈತೆ' ಅನ್ನುತ್ತಿದ್ದರು. ದಣಿಯುವುದಕ್ಕೆ ಅದೇನು ಅವರ ಅತ್ತೆ ಮನೆಯಿಂದ ನಡೆದು ಬಂದಿತ್ತೆ?

ಆ ಪಿಕಪ್ಪೇ ಅವರ ಜೀವ. ಅದನ್ನು ಬಿಡಿಸಬೇಕು ಎಂದು ಮಗ ಕನಕರಾಜ್ ಹಟ ಹಿಡಿದಿದ್ದ. ಅವನು ಗೌರಿಬಿದನೂರಿನ ಕಡೆ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಭಾವ ನಮ್ಮ ಡೇರಿಯ ಗೇಟಿಗೇ ಒಂದು ಸಲ ಗಾಡಿ ಉಜ್ಜಿದ್ದರು. ಇನ್ನೊಂದು ಸಲ ಸಂತೆಯಲ್ಲಿ ಯಾರದೋ ಸೌತೆಕಾಯಿ ರಾಶಿಗೆ ನುಗ್ಗಿಸಿದ್ದರು. 'ಅಪ್ಪಾ, ಸಾಕು. ಡ್ರೈವರ್ ಇಡಣ, ನೀನು ಮನೇಲಿರು,' ಅಂದ ಮಗ. ಭಾವ ಊಟ ಬಿಟ್ಟು ಕೂತರು. ಅಕ್ಕ ನನಗೆ ಫೋನ್ ಮಾಡಿ ಅತ್ತಳು.

ಅಷ್ಟರಲ್ಲಿ ಈ ದೋಣಿ ಬಂತು ನೋಡಿ. ನಮ್ಮ ಕೆರೆಯ ಪಕ್ಕದ ರೆಸಾರ್ಟಿನವರು ಮುರುಗಮಲ್ಲದ ಆಚೆಯ ಹರಿಕೃಷ್ಣ ಎಂಬವರಿಂದ ಹಳೇ ಮೋಟಾರು ದೋಣಿ ಕೊಂಡಿದ್ದರು. ಫೈಬರಿನದು, ಭರ್ತಿ ಭಾರ. ಎರಡು ಚಕ್ರದ ಟ್ರೈಲರ್ ಮೇಲೆ ಕೂರಿಸಿ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ಎಳೆದು ತರಬೇಕು. ಭಾವ ಒಪ್ಪಿಕೊಂಡು ಬಂದಿದ್ದರು. ಕನಕರಾಜ್ ಕೊನೆಗೆ ಹೇಳಿದ:

"ಸರಿ ಅಪ್ಪ. ಇದನ್ನ ನೆಟ್ಟಗೆ ತಂದ್ರೆ ಇನ್ನು ಗಾಡಿ ವಿಷಯ ನಾನು ಎತ್ತಲ್ಲ. ಏನಾದ್ರೂ ಎಡವಟ್ಟಾದ್ರೆ ಮಾತ್ರ ಅವತ್ತಿಗೆ ಕಡೆ. ಮಾವ, ನೀವೂ ಜೊತೆಗೆ ಹೋಗಿ. ಬಂದ್ಮೇಲೆ ನಿಜ ಹೇಳ್ಬೇಕು, ಭಾವ ಅಂತ ಅವರ ಕಡೆ ವಹಿಸ್ಕೋಬಾರ್ದು."

ಹೀಗೆ ನಾನು ಸಾಕ್ಷಿಯಾಗಿ ಹೊರಟೆ.

ಹರಿಕೃಷ್ಣ ಮಾತಿನ ಮನುಷ್ಯ, ಅರ್ಧ ತೆಲುಗು, ಅರ್ಧ ಕನ್ನಡ. ದೋಣಿಯ ಮೋಟಾರನ್ನು ಬಿಚ್ಚಿಸಿ, ಬ್ಯಾಟರಿ, ಲಂಗರು ಎಲ್ಲದರ ಜೊತೆ ದೋಣಿಯೊಳಗೇ ಮುಂದುಗಡೆ ಕಟ್ಟಿಸಿದರು. ಟ್ರೈಲರನ್ನು ಪಿಕಪ್ಪಿಗೆ ಸಿಕ್ಕಿಸಿದ ಕೊಂಡಿಯ ಕೆಳಗೆ ಎರಡು ಸರಪಳಿಗಳನ್ನು ಅಡ್ಡಡ್ಡ ಹಾಕಿಸಿದರು. ಟ್ರೈಲರಿನ ಗಾಳಿ ನೋಡಿದರು, ದೀಪ ನೋಡಿದರು.

"ನರಸಪ್ಪಣ್ಣ, ಮುಕ್ಕು ಮೀದ ಬರುವು ಉಂಡಾಲಿ. ಮೂಗಿನ ಮೇಲೆ, ಕೊಂಡಿ ಕಡೆ, ಭಾರ ಇರ್ಬೇಕು, ತಿಳೀತಾ? ಅದನ್ನ ಮುಟ್ಬೇಡಿ. ನಿಮ್ಮ ಗಾಡಿಗೆ ಎಳೆಯೋ ಶಕ್ತಿ ಐತೆ, ತಡೆಯೋ ಶಕ್ತಿ ಅಷ್ಟಿಲ್ಲ. ಇಳಿಜಾರಲ್ಲಿ ನಿಧಾನ."

"ಆಯ್ತಪ್ಪ, ಆಯ್ತಪ್ಪ," ಅಂದರು ಭಾವ. ಆ ಎರಡು 'ಆಯ್ತಪ್ಪ' ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಅಕ್ಕನಿಗೂ ಅವರು ಹಾಗೇ ಅನ್ನುವುದು.

ಮುರುಗಮಲ್ಲ ದಾಟಿ ಟೀ ಅಂಗಡಿಯ ಮುಂದೆ ನಿಲ್ಲಿಸಿದೆವು. ಭಾವ ಟೀ ಲೋಟ ಹಿಡಿದು ಗಾಡಿಯ ಸುತ್ತ ಒಂದು ಸುತ್ತು ಬಂದರು. ಪಿಕಪ್ಪಿನ ಹಿಂಭಾಗ ತುಸು ಕುಗ್ಗಿತ್ತು.

"ನೋಡೋ ವೇಣು, ಹೆಂಗೆ ಕುಕ್ಕರಿಸೈತೆ. ಬಾಯಿಲ್ಲದ್ದು ಅಂತ ಹಿಂಗಾ ಹಾಕೋದು ಹೆಗಲ ಮೇಲೆ?"

"ಅವರು ಮುಟ್ಬೇಡಿ ಅಂದ್ರಲ್ಲ ಭಾವ."

"ಅವನು ನೀರಲ್ಲಿ ದೋಣಿ ಬಿಟ್ಟೋನು. ರಸ್ತೇಲಿ ಭಾರ ಎಳೆಸಿದೋನು ನಾನು. ಬಾ, ಒಂದು ಕೈ ಹಾಕು."

ಹಾಕಿದೆ. ಏನು ಮಾಡಲಿ, ಅವರು ಹೇಳಿದ್ದು ನನಗೂ ಸರಿ ಅನ್ನಿಸಿತು. ಹೆಗಲು ಹಗುರವಾದರೆ ಎಳೆಯುವವನಿಗೆ ಸುಖ ಅಲ್ಲವೆ? ಇಬ್ಬರೂ ಉಸಿರು ಕಟ್ಟಿ ಮೋಟಾರು, ಬ್ಯಾಟರಿ, ಲಂಗರು ಎಲ್ಲವನ್ನೂ ದೋಣಿಯ ಹಿಂದಿನ ಮೂಲೆಗೆ ಎಳೆದು ಕಟ್ಟಿದೆವು. ಪಿಕಪ್ ಸೊಂಟ ನೆಟ್ಟಗೆ ಮಾಡಿ ನಿಂತಿತು. ಭಾವ ಟ್ರೈಲರಿನ ಮೂಕಿಯ ಕೆಳಗೆ ಕೈಯಿಟ್ಟು ನೋಡಿ ಸಂತೋಷಪಟ್ಟರು. ನನಗೂ ಏನೋ ಪುಣ್ಯದ ಕೆಲಸ ಮಾಡಿದ ಹಾಗಾಯಿತು.

ಚಿಂತಾಮಣಿಯೊಳಗೆ ಟೊಮೆಟೊ ಲಾರಿಗಳ ಮಧ್ಯೆ ತೆವಳುತ್ತಾ ಹೋದಾಗ ಏನೂ ಆಗಲಿಲ್ಲ. ತಿರುವುಗಳಲ್ಲಿ ಭಾವ ಅಗಲವಾಗಿ ತಿರುಗಿಸಿ, ಹಿಂದಿನ ಚಕ್ರ ಮೂಲೆ ಹತ್ತದ ಹಾಗೆ ಎಷ್ಟು ನಾಜೂಕಾಗಿ ಬಂದರೆಂದರೆ, ಮಗನಿಗೆ ಏನು ಹೇಳಬೇಕೆಂದು ನಾನು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದೆ. ಊರು ಬಿಟ್ಟು ವೇಗ ಹಿಡಿದ ಮೇಲೆ ಹಿಂದುಗಡೆ ಏನೋ ಬಾಲ ಆಡಿಸಿದ ಹಾಗಾಯಿತು. ಭಾವ ಕನ್ನಡಿ ನೋಡಿದರು. ನಾನೂ ತಿರುಗಿ ನೋಡಿದೆ. ನಿಂತುಹೋಯಿತು.

"ಗಾಳಿ ಇರ್ಬೇಕು," ಅಂದರು.

ಗಾಳಿಯಂತೆ! ಎಲೆ ಅಲ್ಲಾಡುತ್ತಿರಲಿಲ್ಲ.

ಶಿಡ್ಲಘಟ್ಟ ಇನ್ನೂ ಸ್ವಲ್ಪ ದೂರವಿರುವಾಗ ಒಂದು ಇಳಿಜಾರು ಬಂತು. ಅಲ್ಲಿ ದೋಣಿ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಮತ್ತೆ ಎಡಕ್ಕೆ, ಪ್ರತಿಸಲವೂ ಮೊದಲಿಗಿಂತ ಜೋರಾಗಿ. ಪಿಕಪ್ಪಿನ ಹಿಂಭಾಗವನ್ನು ಯಾರೋ ಕೂದಲು ಹಿಡಿದು ಆ ಕಡೆ ಈ ಕಡೆ ಜಗ್ಗಿದ ಹಾಗಾಗುತ್ತಿತ್ತು. ಎದುರಿಗೆ ರೇಷ್ಮೆಗೂಡು ತುಂಬಿದ ಆಟೋ ಬರುತ್ತಿತ್ತು. ಎಡಕ್ಕೆ ಹಳ್ಳ. ನಾನು ಎರಡೂ ಕಾಲು ಊರಿ ಇಲ್ಲದ ಬ್ರೇಕ್ ಒತ್ತುತ್ತಾ ಕಿರುಚಿದೆ: "ಬ್ರೇಕ್ ಭಾವಾ! ಬ್ರೇಕ್ ಹಾಕಿ!"

ಭಾವ ಬ್ರೇಕ್ ಹಾಕಲಿಲ್ಲ. ಎರಡೂ ಕಾಲನ್ನು ಮೇಲಕ್ಕೆತ್ತಿಬಿಟ್ಟರು. ಸ್ಟೇರಿಂಗನ್ನು ಎತ್ತಿನ ಹಗ್ಗ ಜಗ್ಗಿದ ಹಾಗೆ ಗಟ್ಟಿಯಾಗಿ ಎದೆಯ ಕಡೆಗೆ ಎಳೆದು ಹಿಡಿದು, ಹಿಂದಕ್ಕೆ ಒರಗಿ, "ಹೋ... ಹೋ ನನ್ನಪ್ಪಾ... ಹೋ..." ಎಂದು ಕೂಗಿದರು.

ಈ ಮನುಷ್ಯನಿಗೆ ತಲೆ ಕೆಟ್ಟಿದೆ, ನಾವು ಸತ್ತೆವು ಅಂದುಕೊಂಡೆ. ನನ್ನ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಆಟೋದವನು ಪಕ್ಕಕ್ಕಿಳಿದು ಬಾಯಿಗೆ ಬಂದ ಹಾಗೆ ಬೈದು ಹೋದ. ಆದರೆ ಗಾಡಿ ತಾನಾಗಿ ನಿಧಾನವಾಯಿತು. ವಾಲಾಟ ಕಡಿಮೆಯಾಯಿತು, ಇನ್ನೂ ಕಡಿಮೆಯಾಯಿತು, ಇಳಿಜಾರು ಮುಗಿಯುವ ಹೊತ್ತಿಗೆ ದೋಣಿ ಸುಮ್ಮನೆ ಹಿಂದೆ ಬರುತ್ತಿತ್ತು. ಹುಣಸೆ ಮರದ ಕೆಳಗೆ ನಿಂತೆವು. ಭಾವ ಇಳಿಯಲಿಲ್ಲ. ಸ್ಟೇರಿಂಗ್ ಬಿಡದೆ ಕೂತೇ ಇದ್ದರು.

ಹರಿಕೃಷ್ಣರಿಗೆ ನಾನೇ ಫೋನ್ ಮಾಡಿ, ಸಿಟ್ಟು ಬಂದಿತ್ತಲ್ಲ, 'ಏನ್ರೀ ಇದು, ಎಂಥಾ ಟ್ರೈಲರ್ ಕೊಟ್ಟಿದ್ದೀರಿ' ಎಂದು ಜಾಡಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಭಾರ ಹಿಂದಕ್ಕೆ ಹಾಕಿದ್ರಾ?"

"ಹೂಂ... ಸ್ವಲ್ಪ," ಅಂದೆ.

"ಅಯ್ಯೋ ಸ್ವಾಮಿ! ಹಿಂದೆ ಭಾರ ಆದ್ರೆ ಅದು ಬಾಲ ಬಡಿಯುತ್ತೆ. ಮುಂದಿದ್ರೇನೇ ಹಿಂದೆ ಹಿಂದೆ ನೆಟ್ಟಗೆ ಬರೋದು. ಎತ್ತಿನ ಗಾಡಿ ನಡೆದು ಹೋಗುತ್ತೆ, ಇದು ಓಡುತ್ತಲ್ಲ! ಸರಿ, ವಾಲಿದಾಗ ಬ್ರೇಕ್ ಒತ್ತಿದ್ರಾ?"

"ಇಲ್ಲ. ಅವರು ಕಾಲೇ ಎತ್ತಿಬಿಟ್ರು."

"ಬದುಕಿದ್ರಿ! ಒತ್ತಿದ್ದಿದ್ರೆ ದೋಣಿ ಗಾಡೀನ ತಿರುಗಿಸಿ ಹಳ್ಳಕ್ಕೆ ಹಾಕಿರೋದು. ಆಕ್ಸಿಲರೇಟರ್ ಬಿಟ್ಟು ಸ್ಟೇರಿಂಗ್ ನೆಟ್ಟಗೆ ಹಿಡೀಬೇಕು, ಅಷ್ಟೇ. ನರಸಪ್ಪಣ್ಣಂಗೆ ಯಾರು ಹೇಳ್ಕೊಟ್ರು ಅದನ್ನ?"

ಫೋನ್ ಸ್ಪೀಕರಿನಲ್ಲಿತ್ತು, ಭಾವನಿಗೂ ಕೇಳಿಸಿತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮನ್ನು ಹಳ್ಳದ ಅಂಚಿಗೆ ತಂದದ್ದೂ ಎತ್ತಿನ ಗಾಡಿಯ ಬುದ್ಧಿ, ಅಲ್ಲಿಂದ ಉಳಿಸಿದ್ದೂ ಅದೇ ಬುದ್ಧಿ. ಹಾಗಾದರೆ ಈ ಮನುಷ್ಯ ಗಾಡಿ ಓಡಿಸಲು ಯೋಗ್ಯರೋ ಅಲ್ಲವೋ? ನಾನು ಸಾಕ್ಷಿ ಹೇಳಬೇಕಾದವನು. ಏನಂತ ಹೇಳಲಿ? ಹಾಗೆ ಯೋಚಿಸಿದರೆ ಸರಿ, ಹೀಗೆ ಯೋಚಿಸಿದರೆ ತಪ್ಪು.

"ಕೇಳಿದ್ರಾ ಭಾವ? ನೀವು ಮಾಡಿದ್ದೇ ಸರಿಯಂತೆ!" ಅಂದೆ, ಧೈರ್ಯ ಹೇಳೋಣವೆಂದು.

ಭಾವ ಇಳಿದು ಹೋಗಿ ದೋಣಿಯೊಳಗಿನ ಹಗ್ಗ ಬಿಚ್ಚತೊಡಗಿದರು. ಇಬ್ಬರೂ ಸಾಮಾನನ್ನೆಲ್ಲ ಮತ್ತೆ ಮುಂದಕ್ಕೆ ಎಳೆದು ಕಟ್ಟಿದೆವು. ಪಿಕಪ್ ಮತ್ತೆ ಕುಗ್ಗಿತು. ಈ ಸಲ ಅವರು ಅದನ್ನು ನೋಡಲೂ ಇಲ್ಲ. ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಎಲ್ಲೂ ದೋಣಿ ಅಲ್ಲಾಡಲಿಲ್ಲ. ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕಿ ಹೋದರು. ಕೆರೆಯ ದಂಡೆಯಲ್ಲಿ ರೆಸಾರ್ಟಿನವರು ದೋಣಿಯ ಸುತ್ತ ಕೈಯಾಡಿಸಿ ನೋಡಿ, ಒಂದು ಗೀಟೂ ಇಲ್ಲವೆಂದು ಭಾವನ ಕೈ ಕುಲುಕಿದರು.

ಮನೆಯಲ್ಲಿ ಕನಕರಾಜ್ ಕಾಯುತ್ತಿದ್ದ. "ಮಾವ, ಹೇಳಿ. ಹೆಂಗಾಯ್ತು?"

ಅಕ್ಕ ಅಡುಗೆ ಮನೆಯ ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು "ದೋಣಿಗೆ ಒಂದು ಗೀಟೂ ಬಿದ್ದಿಲ್ಲ ಕಣಪ್ಪ," ಅಂದೆ. ಅದು ಸುಳ್ಳಲ್ಲ. ನಿಜ ಎಂದೂ ನನಗೆ ಅನ್ನಿಸಲಿಲ್ಲ.

ಕನಕರಾಜ್ ನಕ್ಕ. "ಹಂಗಾದ್ರೆ ಗೆದ್ದೆ ಬಿಡಪ್ಪ. ಇನ್ನು ನಾನು ತುಟಿ ಬಿಚ್ಚಲ್ಲ."

"ಮುನೇಶಂಗೆ ಬರೋಕೆ ಹೇಳು," ಅಂದರು ಭಾವ. ಮುನೇಶ್ ಪಕ್ಕದ ಬೀದಿಯ ಡ್ರೈವರ್.

"ಯಾಕಪ್ಪ?"

"ಅದು ವಾಲಾಡ್ದಾಗ ನಂಗೆ ಅದು ಗಾಡಿ ಅನ್ನೋದೇ ಮರ್ತೋಯ್ತು. ಎತ್ತು ಅಂದ್ಕೊಂಡು ಕೂಗ್ತಿದ್ದೆ. ಬ್ರೇಕ್ ಅಂತ ಒಂದೈತೆ ಅನ್ನೋದೇ ನೆನಪಿಲ್ಲ. ಪುಣ್ಯಕ್ಕೆ ಸರಿಹೋಯ್ತು. ಎತ್ತಾಗಿದ್ರೆ ನಾನು ನಿದ್ದೆ ಹೋದ್ರೂ ಮನೆ ಸೇರಿಸ್ತಿದ್ವು. ಇದಕ್ಕೆ ನಾನೊಬ್ನೇ ದಿಕ್ಕು. ಆ ಹೊತ್ತಲ್ಲಿ ನಾನೇ ಅಲ್ಲಿರ್ಲಿಲ್ಲ ಕಣಪ್ಪ."

ಗೆದ್ದವನು ಹೀಗೆ ಬಿಟ್ಟುಕೊಡುವುದುಂಟೆ? ನನಗೆ ಅವರ ಮೇಲೆ ಕೆಟ್ಟ ಕೋಪ ಬಂತು, ಕಣ್ಣಲ್ಲಿ ನೀರೂ ಬಂತು. ಕನಕರಾಜನಿಗೆ ತಾನು ಕೇಳಿದ್ದೇ ಸಿಕ್ಕಿತ್ತಲ್ಲ, ಆದರೂ ಅವನ ಮುಖ ಸಣ್ಣಗಾಗಿತ್ತು.

ಮಾರನೆಯ ಬೆಳಿಗ್ಗೆ ಹುರುಳಿಕಾಯಿ ಮೂಟೆ ಹೇರಿ, ಮುನೇಶ್ ಹತ್ತಿ ಕೂತು ಗಾಡಿ ಚಾಲೂ ಮಾಡಿದ. ಭಾವ ಮಾರ್ಕೆಟ್ಟಿಗೆ ತಾವೂ ಬರುತ್ತೇನೆಂದು ಎಡಗಡೆಗೆ ಹೋದರು. ಹೋದವರು ಹತ್ತಲಿಲ್ಲ, ಬಾಗಿಲ ಮೇಲೆ ಕೈಯಾಡಿಸುತ್ತಾ ನಿಂತೇ ಇದ್ದರು. ಏನಾಯಿತೆಂದು ನನಗೆ ಮೊದಲು ಅರ್ಥವಾಗಲಿಲ್ಲ. ಆ ಕಡೆಯ ಹಿಡಿ ಸಡಿಲ, ಅದನ್ನು ಮೇಲಕ್ಕೆತ್ತಿ ಎಳೆಯಬೇಕಿತ್ತು. ಗಾಡಿ ಕೊಂಡಾಗಿನಿಂದ ಅವರು ಆ ಬಾಗಿಲಿನಿಂದ ಒಂದು ಸಲವೂ ಹತ್ತಿರಲಿಲ್ಲ. ನಾನು ಹೋಗಿ ಬಾಗಿಲು ತೆಗೆದೆ.