ಮೂರನೇ ಕಿಟಕಿ

ಕಾಲುಚೀಲವನ್ನು ಪ್ಯಾಂಟಿನ ಮೇಲೆ ಮೊಣಕಾಲಿನವರೆಗೂ ಎಳೆದು, ಮೇಲೆ ಸೆಣಬಿನ ದಾರ ಬಿಗಿದು ಕಟ್ಟಿಕೊಂಡು ಓಡಾಡುವ ಗಂಡಸನ್ನು ನಾನು ಸಾಗರಕ್ಕೆ ಮದುವೆಯಾಗಿ ಬರುವ ತನಕ ನೋಡಿರಲಿಲ್ಲ. ಸಂಜೆ ಬಸ್ಸಿಳಿದು ಬಂದರೆ ಅವರು ನೇರ ಒಳಗೆ ಹೋಗುತ್ತಿರಲಿಲ್ಲ. ಎದುರುಮನೆಯ ಅಂಗಳದಲ್ಲಿ ಬಿಳೀ ಪಂಚೆ ಹಾಸಿ, ಅದರ ನಡುವೆ ನಿಂತು, ಅಂಗಿ ಕೊಡವಿ, ದಾರ ಬಿಚ್ಚಿ, ಆಮೇಲೆ ಕುಕ್ಕರಗಾಲಲ್ಲಿ ಕೂತು ಪಂಚೆಯನ್ನೇ ದಿಟ್ಟಿಸುತ್ತಿದ್ದರು. ಎಳ್ಳಿಗಿಂತ ಸಣ್ಣ ಚುಕ್ಕಿಗಳು. ಕಸವಾದರೆ ಸುಮ್ಮನೆ ಬಿದ್ದಿರುತ್ತಿತ್ತು. ರಕ್ತ ಹೀರುವ ಉಣುಗಾದರೆ, ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ ನಡೆಯತೊಡಗುತ್ತಿತ್ತು. ಆ ಸ್ವಲ್ಪ ಹೊತ್ತು ನಾನೂ ನಮ್ಮ ಜಗಲಿಯಲ್ಲಿ ಉಸಿರು ಹಿಡಿದು ನಿಂತಿರುತ್ತಿದ್ದೆ.

ಅವರು ಮಂಗನ ಕಾಯಿಲೆಯ ಇನ್ಸ್‌ಪೆಕ್ಟರು. ಎದುರುಮನೆಯವರ ಹಿತ್ತಲಲ್ಲಿ ಮೊದಲು ಸೌದೆ ತುಂಬುತ್ತಿದ್ದ ಕೋಣೆಗೆ ಸುಣ್ಣ ಬಳಿಸಿ ಬಾಡಿಗೆಗಿದ್ದರು. ಮದುವೆಯಾಗಿರಲಿಲ್ಲ. ನನ್ನನ್ನು ತಂಗಿ ಎನ್ನುತ್ತಿದ್ದರು, ನಾನು ಅಣ್ಣಯ್ಯ ಎನ್ನುತ್ತಿದ್ದೆ. ನಮ್ಮತ್ತೆ ತೀರ್ಥಹಳ್ಳಿ ಕಡೆಯವರು, ಮಾತಿಗೆ ಮುಲಾಜಿಲ್ಲ. "ಇನ್ಸ್‌ಪೆಕ್ಟ್ರೇ, ಆ ಉಣುಗು ಹೆಕ್ಕೋ ಬದಲು ಒಂದು ಹೆಂಡ್ತಿ ತಂದುಕೊಂಡ್ರೆ ಅವಳೇ ಹೆಕ್ತಿದ್ಲಲ್ಲ ಮಾರಾಯ್ರೆ" ಎಂದು ಬೇಲಿಯ ದಣಪೆಯಿಂದಲೇ ಕೂಗುತ್ತಿದ್ದರು. ಅವರು ತಲೆ ಎತ್ತದೆ, "ಅವಳ್ನೂ ಪಂಚೆ ಮೇಲೆ ನಿಲ್ಸಿ ನೋಡ್ಬೇಕಾಗ್ತದಲ್ಲಮ್ಮ" ಎನ್ನುತ್ತಿದ್ದರು.

ಚಳಿ ಮುಗಿಯುವ ಹೊತ್ತಿಗೆ ಕಾಡಿನಲ್ಲಿ ಮಂಗಗಳು ಸಾಯಲು ಶುರುವಾದರೆ ಮಳೆ ಬೀಳುವವರೆಗೂ ನಮ್ಮ ಸೀಮೆಯ ಜನಕ್ಕೆ ಜೀವ ಕೈಯಲ್ಲಿ. ಮಂಗ ಸತ್ತು ಬಿದ್ದಲ್ಲಿ ಅದರ ಮೈಯ ಉಣುಗುಗಳು ಇಳಿದು ತರಗೆಲೆಯಲ್ಲಿ ಕಾದಿರುತ್ತವೆ. ಸೌದೆಗೋ, ದರಕು ಗುಡಿಸಲೋ ಹೋದವರಿಗೆ ಹತ್ತುತ್ತವೆ. ಆಮೇಲೆ ಜ್ವರ, ಹಣೆ ಒಡೆಯುವ ತಲೆನೋವು, ವಸಡಿನಲ್ಲಿ ರಕ್ತ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲ್ಲೂಕಿನಲ್ಲಿ ಎಲ್ಲಿ ಮಂಗ ಬಿತ್ತು, ಎಲ್ಲಿ ಜ್ವರ ಬಂತು ಎಂಬ ಸುದ್ದಿ ಬೇಗ ತಿಳಿದರೆ ಅಲ್ಲಿಗೆ ಹೋಗಿ, ಔಷಧಿ ಪುಡಿ ಎರಚಿ, ಕಾಡು ಹೊಗದಂತೆ ತಡೆಯಬಹುದಿತ್ತು. ಆದರೆ ಸುದ್ದಿ ಬರುತ್ತಿದ್ದುದು ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ, ಚೀಟಿಯಾಗಿ. ಜನ ಚೀಟಿ ಬರೆದರೆ ಹೇಗೆ ಬರೆಯುತ್ತಾರೆ? 'ಸ್ವಾಮೀ ನಾವೆಲ್ಲ ಕ್ಷೇಮ, ಹೊಸೂರಿನ ಹೊಳೆಯಾಚೆ ಮೊನ್ನೆ ಒಂದು ಮಂಗ ಬಿದ್ದಿದೆಯಂತೆ ಎಂದು ನಮ್ಮ ಭಾವ ಹೇಳಿದ.' ಹೊಸೂರುಗಳು ತಾಲ್ಲೂಕಿಗೆ ಮೂರು ನಾಲ್ಕು. ಒಂದು ವರ್ಷ ಇಂಥ ಚೀಟಿ ನಂಬಿ ಜೀಪು ಇನ್ಯಾವುದೋ ಹೊಸೂರಿಗೆ ಹೋಗಿ, ನಿಜವಾದ ಹೊಸೂರಿನಲ್ಲಿ ಒಂದು ಮನೆಯೇ ಮಲಗಿತ್ತಂತೆ.

ಅದಾದ ಮೇಲೆ ಅವರು ಒಂದು ಉಪಾಯ ಮಾಡಿದರು. ಮಕ್ಕಳು ಲೆಕ್ಕ ಮಾಡುವ ಚೌಕುಳಿ ಹಾಳೆಯನ್ನು ಉದ್ದುದ್ದ ಪಟ್ಟಿಯಾಗಿ ಕತ್ತರಿಸಿ, ಊರೂರಿನ ಮೇಷ್ಟ್ರಿಗೂ ಅಂಗಡಿಯವರಿಗೂ ಹಂಚಿದರು. ಒಂದು ಚೌಕಕ್ಕೆ ಒಂದೇ ಅಕ್ಷರ. ಮೊದಲು ತಾಲ್ಲೂಕು, ಆಮೇಲೆ ಹಳ್ಳಿಗೆ ಅವರೇ ಕೊಟ್ಟ ನಂಬರು, ಆಮೇಲೆ ಪಂಚಾಯ್ತಿಯವರು ಬಾಗಿಲ ಮೇಲೆ ಬರೆದ ಮನೆ ನಂಬರು, ಮಂಗವೋ ಜ್ವರವೋ, ಯಾವ ತಾರೀಕು, ಕೊನೆಗೆ ಒಂದು ಅಡ್ಡಗೀಟು. ಚಪ್ಪಲಿ ಡಬ್ಬದ ರಟ್ಟಿನಲ್ಲಿ ಬ್ಲೇಡಿನಿಂದ ಐದು ಕಿಟಕಿ ಕೊರೆದು, ಬಂದ ಪಟ್ಟಿಯ ಮೇಲೆ ಅದನ್ನಿಟ್ಟು ನೋಡುತ್ತಿದ್ದರು.

ನನ್ನ ಕೈಬರಹ ಚೆನ್ನಾಗಿದೆಯೆಂದು ಪಟ್ಟಿಗಳ ಶುದ್ಧಪ್ರತಿ ಬರೆಯಲು ನನಗೇ ಕೊಡುತ್ತಿದ್ದರು. ಕಾನ್ವೆಂಟಿನಲ್ಲಿ ಸಿಸ್ಟರ್ ಬೆರಳ ಗೆಣ್ಣಿಗೆ ರೂಲರಿನಿಂದ ಹೊಡೆದು ಕಲಿಸಿದ ಅಕ್ಷರ ಅಂತೂ ಒಂದು ಉಪಯೋಗಕ್ಕೆ ಬಂತು. ಅಡಿಗೆ ಮುಗಿಸಿ, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಜಗಲಿಯಲ್ಲಿ ಕೂರುತ್ತಿದ್ದೆ. ಅವರು ರಟ್ಟು ಇಟ್ಟು ಹೇಳುತ್ತಿದ್ದರು.

"ಮೊದಲ್ನೇ ಕಿಟಕೀಲಿ ಎಂಥ ಕಾಣ್ತದೆ?"

"ಸಾ."

"ಸಾ, ಹೊ, ತೀ. ಈ ಮೂರರಲ್ಲಿ ಒಂದಿರ್ಬೇಕು. ಬೇರೆ ಅಕ್ಷರ ಕಂಡ್ರೆ ನಮ್ದಲ್ಲ. ಎರಡನೇದು?"

"ಹದಿನೇಳು."

"ಅಂಕಿ. ಸರಿ. ಮೂರನೇದ್ರಲ್ಲೂ ಅಂಕಿ ಬೇಕು. ಒಂದಂಕಿ ಇರ್ಲಿ, ಮೂರಂಕಿ ಇರ್ಲಿ, ಅಂಕಿಯೇ ಆಗ್ಬೇಕು. ನಾಲ್ಕನೇದ್ರಲ್ಲಿ ಮಂ ಇಲ್ಲಾಂದ್ರೆ ಜ್ವ. ಐದರಲ್ಲಿ ತಾರೀಕು. ಕೊನೇಲಿ ಗೀಟು ಇಲ್ಲಾಂದ್ರೆ ಪಟ್ಟಿ ಎಲ್ಲೋ ಹರಿದಿದೆ ಅಂತ ಲೆಕ್ಕ."

ಅಡ್ಡಗೀಟಿನ ಆಚೆ ಜನ ಸುಮ್ಮನಿರುತ್ತಿರಲಿಲ್ಲ. ಒಬ್ಬ ಮೇಷ್ಟ್ರು ಪ್ರತಿ ಸಲವೂ 'ನಿಮಗೊಂದು ಹೆಣ್ಣು ನೋಡಿಟ್ಟಿದ್ದೇನೆ' ಎಂದು ಚೌಕಕ್ಕೊಂದು ಅಕ್ಷರದಂತೆ ಬರೆದು ಕಳಿಸುತ್ತಿದ್ದರು. ರಟ್ಟು ಇಟ್ಟ ಕೂಡಲೇ ಅದೆಲ್ಲ ಮರೆಯಾಗಿ ಬೇಕಾದದ್ದು ಮಾತ್ರ ಕಿಟಕಿಗಳಲ್ಲಿ ಉಳಿಯುತ್ತಿತ್ತು. ನನಗದು ಆಶ್ಚರ್ಯವೆನಿಸುತ್ತಿತ್ತು, ಯಾಕೋ ಸ್ವಲ್ಪ ಭಯವೂ ಆಗುತ್ತಿತ್ತು. ಒಂದು ಊರಿನ ಸಂಕಟ ಅಷ್ಟು ಸಣ್ಣ ತೂತುಗಳಲ್ಲಿ ಹಿಡಿಸಿಬಿಡುತ್ತಿತ್ತಲ್ಲ!

"ಮೊದಲು ಆಕಾರ, ಆಮೇಲೆ ಅರ್ಥ" ಎನ್ನುವುದು ಅವರ ಮಾತು. ಆಕಾರ ಕೂಡದ ಪಟ್ಟಿಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ, 'ಸರಿಯಾಗಿ ಬರೆದು ಕಳಿಸಿ' ಎಂದು ಅದೇ ಬಸ್ಸಿನಲ್ಲಿ ಹೇಳಿ ಕಳಿಸುತ್ತಿದ್ದರು. ಅಲ್ಲಿಗೆ ಅದು ಅವರ ಮನಸ್ಸಿನಿಂದ ಹೋಯಿತು.

ನಮ್ಮ ಮನೆಗೆ ಸಂತೆಯ ದಿನ ಸೀಗೆಕಾಯಿ ತರುವ ಹೆಂಗಸೊಬ್ಬಳಿದ್ದಳು. ಹೊಸನಗರದ ಕಡೆಯಿಂದ ಮೊದಲ ಬಸ್ಸಿಗೆ ಬರುವವಳು. ಎಡಗೈಯ ಹೆಬ್ಬೆರಳಿನ ಉಗುರಿರಲಿಲ್ಲ, ಸೀಗೆಮುಳ್ಳು ಕೀವಾಗಿ ಹೋದದ್ದು. ಗಂಟು ಇಳಿಸಿ ಮೊದಲು ನೀರು, ಆಮೇಲೆ ಅತ್ತೆಯ ಎಲೆ ಅಡಿಕೆ, ಆಮೇಲೆ ಮಾತು. ಅಣೆಕಟ್ಟಿನ ನೀರು ಬರುತ್ತದೆಂದು ಅವರ ಕೇರಿಯನ್ನೇ ಎತ್ತಿಸಿ, ಗುಡ್ಡದ ಮೇಲೆ ಕಾಡಿನಂಚಿಗೆ ಹಾಕಿದ್ದರು.

"ಎಲ್ಲಿ ಇರೋದು ಈಗ ನೀವು?" ಎಂದು ಅತ್ತೆ ಕೇಳಿದ್ದಕ್ಕೆ ನಕ್ಕಿದ್ದಳು. "ಎಲ್ಲಿ ಅಂತ ಹೇಳ್ಲಿ ಅಮ್ಮ? ಊರಿಗೆ ಹೆಸ್ರಿಲ್ಲ, ಮನೆಗೆ ನಂಬ್ರಿಲ್ಲ. ಗುಡ್ಲು ಅಂತಾರೆ. ಕಾಗ್ದ ಬಂದ್ರೆ ಬಸ್‌ಸ್ಟಾಪಿನ ಅಂಗ್ಡೀಲಿ ಇಟ್ಕೊಂಡಿರ್ತಾರೆ."

ಆ ವರ್ಷ ಬಿಸಿಲು ಬೇಗ ಬಂತು. ಒಂದು ಸಂಜೆ ಹೊಸನಗರದ ಬಸ್ಸಿನಿಂದ ಬಂದ ಪಟ್ಟಿಯ ಮೇಲೆ ಅಣ್ಣಯ್ಯ ರಟ್ಟು ಇಟ್ಟರು. ಮೊದಲ ಕಿಟಕಿಯಲ್ಲಿ ಹೊ. ಎರಡನೆಯದರಲ್ಲಿ ಬಸ್‌ಸ್ಟಾಪಿನ ಹಳ್ಳಿಯ ನಂಬರು. ಮೂರನೆಯದರಲ್ಲಿ ಅಂಕಿಯ ಬದಲು 'ಗುಡ್ಲು' ಎಂದಿತ್ತು.

"ನೋಡು, ಎಷ್ಟು ಸಲ ಹೇಳಿದ್ರೂ ಇಷ್ಟೇ. ಆ ಹಳ್ಳೀಲಿ ಎಷ್ಟು ಗುಡ್ಲು ಇದಾವೋ ಯಾರಿಗೆ ಗೊತ್ತು?" ಎಂದು ಡಬ್ಬಿಗೆ ಹಾಕಿದರು.

ಅಂದೇ ತೀರ್ಥಹಳ್ಳಿ ಕಡೆಯಿಂದ ಚೊಕ್ಕವಾಗಿ ತುಂಬಿದ ಪಟ್ಟಿಗಳು ಒಂದರ ಹಿಂದೊಂದು ಬಂದಿದ್ದವು. ಅವರು ಆ ಕಡೆ ಹೊರಟುಹೋದರು. ಕೆಲವು ದಿನ ಬಿಟ್ಟು ಬಂದಾಗ ಮತ್ತೊಂದು ಪಟ್ಟಿ ಕಾದಿತ್ತು. ಅದೇ ಬಸ್ಸು, ಅದೇ ಕೈಬರಹ. ಈ ಸಲ ಮೂರನೇ ಕಿಟಕಿಯಲ್ಲಿ ಅಂಕಿಯೇ ಇತ್ತು. ಮೂರು ಸೊನ್ನೆ.

ಅವರು ಹುಬ್ಬು ಗಂಟಿಕ್ಕಿದರು. "ಆಕಾರವೇನೋ ಸರಿ. ಆದ್ರೆ ಸೊನ್ನೆ ನಂಬರಿನ ಮನೆ ಎಲ್ಲಾದ್ರೂ ಉಂಟಾ? ಯಾರೋ ಹುಡುಗಾಟ ಆಡ್ತಿದಾರೆ." ಅದೂ ಡಬ್ಬಿಗೆ ಹೋಯಿತು.

ಆ ವಾರ ಸೀಗೆಕಾಯಿಯವಳು ಬರಲಿಲ್ಲ. ಮುಂದಿನ ಸಂತೆಗೂ ಬರಲಿಲ್ಲ. ಅತ್ತೆ ಅವಳಿಗೆಂದು ಮಡಿಸಿಟ್ಟ ಎಲೆ ಅಡಿಕೆ ತಟ್ಟೆಯಲ್ಲೇ ಬಾಡಿತು. ಮರುದಿನ ಅಣ್ಣಯ್ಯನಿಗೆ ಕಾಫಿ ಕೊಡುವಾಗ ಸುಮ್ಮನೆ ಮಾತಿಗೆ ಹೇಳಿದೆ, "ನಮ್ಮ ಸೀಗೆಕಾಯಿಯವಳು ಎಂಥಕ್ಕೋ ಕಾಣ್ಲೇ ಇಲ್ಲ ಅಣ್ಣಯ್ಯ. ಸೀಗೆಕಾಯಿ ಕಾಲ, ತಪ್ಪಿಸೋಳಲ್ಲ."

"ಯಾವ ಕಡೆಯೋಳು?"

"ಹೊಸನಗರದ ಕಡೆ. ಮುಳುಗಡೆಯೋರನ್ನ ಹಾಕಿದಾರಲ್ಲ, ಗುಡ್ಲು ಅಂತಾರಂತೆ. ಮನೆಗೆ ನಂಬ್ರೂ ಇಲ್ಲ ಅಂತಿದ್ಲು."

ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಕೆಳಗಿಟ್ಟರು. ಎದ್ದು ಹೋಗಿ ಬಿಸ್ಕತ್ತಿನ ಡಬ್ಬಿ ತಂದು ಜಗಲಿಯ ಮೇಲೆ ಕವುಚಿದರು. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರು. ರಟ್ಟು ಇಡಲಿಲ್ಲ. ಇಡದೆ ಇದ್ದುದರಿಂದ ಅಡ್ಡಗೀಟಿನ ಆಚೆಯದೂ ಕಾಣುತ್ತಿತ್ತು. ಎರಡನೇ ಪಟ್ಟಿಯಲ್ಲಿ, ಚೌಕ ಮುಗಿದು ಅಂಚಿಗೆ ಬಂದರೂ ಬಿಡದೆ, ಒತ್ತೊತ್ತಾಗಿ ಬರೆದಿದ್ದರು: 'ನಂಬರ್ ಕೊಟ್ಟಿಲ್ಲ ಸ್ವಾಮೀ ಬನ್ನಿ.'

"ಅಂಕಿ ಕೇಳ್ದವ ನಾನು" ಎಂದರು. "ಇಲ್ಲದೋರು ಇನ್ನೆಂಥ ಬರೀಬೇಕಿತ್ತು ತಂಗಿ?"

ಒಳಗಿನಿಂದ ಬಂದ ಅತ್ತೆ ಮೊದಲ ಸಲ ಏನೂ ತಮಾಷೆ ಮಾಡಲಿಲ್ಲ. "ಊಟ ಮಾಡ್ಕೊಂಡು ಹೋಗಿ" ಎಂದರು. ಅವರು ನಿಲ್ಲಲಿಲ್ಲ. ಕಾಲುಚೀಲ ಎಳೆದುಕೊಂಡರು, ದಾರ ಕಟ್ಟಿಕೊಂಡರೋ ಇಲ್ಲವೋ, ಬಸ್ಸಿನ ಹಾರನ್ ಕೇಳಿ ಓಡಿದರು. ಉಣುಗು ಹತ್ತದಂತೆ ಕೈಕಾಲಿಗೆ ಸವರಿಕೊಳ್ಳುವ ಎಣ್ಣೆಯ ಬಾಟಲಿ ಅವರ ಕಿಟಕಿಯಲ್ಲೇ ಉಳಿದದ್ದು ಮಧ್ಯಾಹ್ನ ಬಟ್ಟೆ ಒಣಹಾಕುವಾಗ ನನ್ನ ಕಣ್ಣಿಗೆ ಬಿತ್ತು. ಬಿಸಿಲಿಗೆ ಅದು ಹಳದಿಯಾಗಿ ಹೊಳೆಯುತ್ತಿತ್ತು.

ಎಷ್ಟೋ ದಿನದ ಮೇಲೆ ಬಂದರು. ಗಡ್ಡ ಬೆಳೆದಿತ್ತು. ಅಂಗಳದಲ್ಲಿ ಪಂಚೆ ಹಾಸಲಿಲ್ಲ. ನಮ್ಮ ಜಗಲಿಯ ಮೆಟ್ಟಿಲಲ್ಲೇ ಕೂತು, ನಾವು ಕೇಳುವ ಮೊದಲೇ ಹೇಳಿದರು. ಸೀಗೆಮಟ್ಟಿಯ ಬುಡದ ದರಕಿನಲ್ಲಿ ಮಂಗಗಳು ಸತ್ತು ಬಿದ್ದಿದ್ದವು. ಅವಳು ಕಾಯಿ ಕೊಯ್ಯಲು ದಿನಾ ಅಲ್ಲಿಗೇ ಹೋಗುತ್ತಿದ್ದಳು. ಮೊದಲ ಪಟ್ಟಿ ಬರೆಸಿದ್ದು ಅವಳ ಗಂಡ, ಅವಳ ಜ್ವರಕ್ಕೆ. ಎರಡನೆಯದು ಬರೆಸುವ ಹೊತ್ತಿಗೆ ಅವಳಿರಲಿಲ್ಲ. ಆಮೇಲೆ ಮಲಗಿದವರನ್ನೆಲ್ಲ ಇವರು ಜೀಪು ತರಿಸಿ ಆಸ್ಪತ್ರೆಗೆ ಸೇರಿಸಿದ್ದರು. ಅವರು ಬದುಕುವ ಹಾಗಿದ್ದರು.

"ಹೆಬ್ಬೆರಳಿಗೆ ಉಗುರಿಲ್ಲದೋಳಲ್ವ?" ಎಂದು ಅತ್ತೆ ಕೇಳಿದರು, ಬೇರೆ ಯಾರಾದರೂ ಆಗಿರಲಿ ಎನ್ನುವ ಹಾಗೆ. ಅವರು ಹೌದೆಂದು ತಲೆಯಾಡಿಸಿದರು.

ಆಮೇಲೆ ಜೇಬಿನಿಂದ ರಟ್ಟು ತೆಗೆದು, ನನ್ನ ಹತ್ತಿರ ಬ್ಲೇಡು ಕೇಳಿದರು. ಮೂರನೇ ಕಿಟಕಿಯನ್ನು ಮೇಲಕ್ಕೂ ಕೆಳಕ್ಕೂ ಉದ್ದಕ್ಕೂ ಕೊಯ್ದರು. ರಟ್ಟು ಬಳುಕುವಷ್ಟು ದೊಡ್ಡದಾಯಿತು. "ಇಲ್ಲಿ ಎಂಥ ಬೇಕಾದ್ರೂ ಕಾಣ್ಲಿ. ಅಂಕಿ ಇದ್ರೆ ಅಂಕಿ, ಮಾತಿದ್ರೆ ಮಾತು. ಖಾಲಿ ಇದ್ರೆ ಅಲ್ಲಿಗೇ ಮೊದಲು ಹೋಗ್ಬೇಕು." ಬ್ಲೇಡು ನನಗೆ ಹಿಂತಿರುಗಿಸುತ್ತ, "ಆಕಾರ ತಪ್ಪಿದ್ರೆ ಸುಳ್ಳು ಅಂತಲ್ಲ ತಂಗಿ. ನಮ್ಮ ರಟ್ಟಿಗೆ ಅದು ಗೊತ್ತಿಲ್ಲ, ಅಷ್ಟೇ" ಎಂದರು.

ಆ ವಾರ ಮುಗಿಯುವುದರೊಳಗೆ ಅವರು ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದರು. ಗಂಜಿ ತೆಗೆದುಕೊಂಡು ಹೋದ ನಾವು ಅವರ ಕಣ್ಣು ನೋಡಿದೆವು, ಕುಂಕುಮ ಬಿದ್ದಂತೆ ಕೆಂಪು. ಅತ್ತೆ ನನ್ನ ಕೈ ಹಿಡಿದುಕೊಂಡರು. ಪರೀಕ್ಷೆಗೆ ತೆಗೆದ ರಕ್ತದ ಸೀಸೆಯ ಜೊತೆ ಕಳಿಸಬೇಕಾದ ಪಟ್ಟಿಯನ್ನು ಅವರೇ ಬರೆದಿದ್ದರು, ಅಕ್ಷರಗಳು ಚೌಕದಿಂದ ಆಚೀಚೆ ಹೋಗಿದ್ದವು.

"ರಟ್ಟಿಟ್ಟು ನೋಡು" ಎಂದರು.

ಇಟ್ಟೆ. ಸಾ. ಊರಿನ ನಂಬರು. ಮೂರನೇ ಕಿಟಕಿಯಲ್ಲಿ ಅಂಕಿಯಿರಲಿಲ್ಲ. ಎದುರುಮನೆಗೆ ನಂಬರಿತ್ತು, ಹಿತ್ತಲಿನ ಕೋಣೆಗೆ ಯಾರೂ ಕೊಟ್ಟಿರಲಿಲ್ಲ. ಅಷ್ಟು ವರ್ಷ ಅಲ್ಲಿದ್ದವರಿಗೆ ಅದು ಈಗ ಗೊತ್ತಾಗಿತ್ತು. 'ಸೌದೆ ಕೋಣೆ' ಎಂದು ಬರೆದಿದ್ದರು. ಕೊಯ್ದು ದೊಡ್ಡದು ಮಾಡಿದ ಕಿಟಕಿಯಲ್ಲಿ ಅದು ಪೂರಾ ಕಂಡಿತು.

"ಹಿಡೀತಾ?" ಎಂದು ಕೇಳಿದರು.

"ಹಿಡೀತು ಅಣ್ಣಯ್ಯ."

"ಹಾಗಾದ್ರೆ ಸರಿ."

ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದ ಜೀಪಿನ ಹಿಂದೆ ಅತ್ತೆ ದಣಪೆಯ ತನಕ ಹೋದರು. ತಿರುಗಿ ಬಂದದ್ದು ಅವರ ಕಾಲುಚೀಲ, ಕನ್ನಡಕ, ಪಂಚೆ. ಮಳೆ ಬೀಳಲು ಇನ್ನೂ ತಿಂಗಳಿತ್ತು.

ಅವರ ಜಾಗಕ್ಕೆ ಬಂದವರು ಸಣ್ಣ ವಯಸ್ಸಿನವರು, ಒಳ್ಳೆಯವರು. ಮುಂದಿನ ಚಳಿಗಾಲದಲ್ಲಿ ಕೋಣೆಯ ಸಾಮಾನು ಜೋಡಿಸಿ, ಶುದ್ಧಪ್ರತಿ ಬರೆದುಕೊಡುತ್ತೀರಂತಲ್ಲ ಎಂದು ಕೇಳಿಕೊಂಡು ನಮ್ಮ ಜಗಲಿಗೆ ಬಂದರು. ಹಳೇ ರಟ್ಟು ತೋರಿಸಿದೆ.

"ಅದು ಹರಿದುಹೋಗಿದೆಯಲ್ಲಮ್ಮ. ಹಳೇ ಪಟ್ಟಿಗಳ ಅಳತೆ ನೋಡಿಕೊಂಡು ನಾನು ಹೊಸದು ಮಾಡಿದ್ದೇನೆ" ಎಂದು ಚೀಲದಿಂದ ತೆಗೆದರು. ಗಟ್ಟಿ ರಟ್ಟು, ನೇರ ಅಂಚು, ಐದು ಕಿಟಕಿಗಳೂ ಅಚ್ಚುಕಟ್ಟು. ಮೂರನೆಯದು ಮತ್ತೆ ಮೂರೇ ಚೌಕದಷ್ಟು.

ನಾನು ಯಾರಿಗೂ ಎದುರು ಮಾತಾಡಿದವಳಲ್ಲ. ಸಿಸ್ಟರ್ ಕಲಿಸಿದ್ದು ಅದನ್ನೇ. ಅಂದು ಕೂಡ ಹೆಚ್ಚೇನೂ ಮಾತಾಡಲಿಲ್ಲ. "ಒಂದು ನಿಮಿಷ ಕೊಡಿ" ಎಂದು ಅವರ ಕೈಯಿಂದ ರಟ್ಟು ತೆಗೆದುಕೊಂಡೆ. ಒಳಗಿನಿಂದ ಕಸೂತಿಯ ಕತ್ತರಿ ತಂದೆ. ಅವರು "ಅಯ್ಯೋ, ಅಮ್ಮ, ಅಮ್ಮ" ಎನ್ನುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಹೇಳಿದರು, "ಸುಮ್ನಿರಿ ಮಾರಾಯ್ರೆ, ಅವಳು ಕತ್ತರಿಸ್ಲಿ. ಯಾಕೆ ಅಂತ ಆಮೇಲೆ ನಾನು ಹೇಳ್ತೀನಿ."