ರಾಯರ ಧಾಬಳಿಯೂ ನಾಲ್ಕು ಪಿನ್ನೂ

ಬೆಟಗೇರಿಯ ದ್ಯಾಮಪ್ಪ ರೇಡಿಯೋ ರಿಪೇರಿಯವನು. ಕೆಟ್ಟ ರೇಡಿಯೋವನ್ನಾದರೂ ಸಹಿಸಿಯಾನು, ಒಣ ಜಂಬ ಅವನಿಗೆ ಆಗದು. ಅದರಲ್ಲೂ ವಾಸುದೇವರಾಯರನ್ನು ಕಂಡರೆ ಮೈಯೆಲ್ಲ ಉರಿ. ರಾಯರು ಗದಗಿನ ನಿಜಲಿಂಗಪ್ಪನವರ ಹತ್ತಿ ಅಂಗಡಿಯ ಮ್ಯಾನೇಜರು.

ಎಂಬತ್ತಾರರಲ್ಲಿ ಆ ಅಂಗಡಿಗೆ ಎಲೆಕ್ಟ್ರಾನಿಕ್ ತೂಕದ ಯಂತ್ರ ಬಂತು. ಒಳಗಿನ ಚಿಪ್ಪನ್ನು ಪರೀಕ್ಷಿಸಲು ಕಂಪನಿಯವರು ಬಿಟ್ಟ ನಾಲ್ಕು ಪಿನ್ನು ಅದರ ಬೆನ್ನಿಗೆ ಬತ್ತಲೆ ನಿಂತಿದ್ದವು. ರಾಯರಿಗೆ ಅವು ದೇವರ ಪಾದದಂತೆ ಕಂಡಿರಬೇಕು! ಅಂಗಡಿಯ ಪೂಜೆಗೆಂದು ಉಣ್ಣೆಯ ಮಡಿ, ಅಂದರೆ ಧಾಬಳಿ, ಉಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಜಪ ಮಾಡಿ, ಎದ್ದು ಅವನ್ನೇ ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಮಾರ್ಗಶಿರದ ಒಣ ಚಳಿಯಲ್ಲಿ ಬೆರಳಿನಿಂದ ಚಟ್ಟೆಂದು ಕಿಡಿ ಹಾರುತ್ತಿತ್ತು.

"ಗಾಯತ್ರಿ ಜಪದ ತೇಜಸ್ಸು ನೋಡ್ರಿ," ಎನ್ನುವರು. ಅದಕ್ಕೆ ಅಡ್ಡಬೀಳುವ ಮಂದಿಗೂ ಬರವಿರಲಿಲ್ಲ.

ಈ ತೇಜಸ್ಸಿಗೆ ಯಂತ್ರ ಎರಡು ಸಲ ಸತ್ತಿತು. ಎರಡು ಸಲವೂ ದ್ಯಾಮಪ್ಪ ಕಂಪನಿಯಿಂದ ಬಂದ ಚಿಪ್ಪು ಕೂಡಿಸಿ ಬುದ್ಧಿ ಹೇಳಿದ. "ಪಿನ್ನಿಗೆ ಮುಚ್ಚಳಾ ಇರಲಿ ರಾಯರ. ಮುಟ್ಟೋ ಮೊದ್ಲ ಅರ್ಥಿಂಗ್ ಕಬ್ಬಿಣಾ ಮುಟ್ಟರಿ, ಉಣ್ಣಿ ಪ್ಲಾಸ್ಟಿಕ್ಕಿಗೆ ತಿಕ್ಕಿ ಮೈಯಾಗ ಕೂಡಿದ ಕರೆಂಟ್ ನೆಲಕ್ಕ ಇಳಿತೈತಿ." ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಅವನು ಹಾಕಿದ ಮುಚ್ಚಳವನ್ನು ರಾಯರು ಕಿತ್ತು ಒಗೆದರು.

"ದೇವರಿಗೆ ಟೊಪಗಿ ಹಾಕ್ತೀಯೇನು? ಇದೆಲ್ಲ ಈ ಬೀರವ್ವನ ಮೈಲಿಗಿ. ದಿನಾ ಒದ್ದಿ ಕೈಲೆ ಒರಸ್ತಾಳ, ಅದಕ್ಕ ಕೆಡತದ. ಸೋಮವಾರದಿಂದ ಇಕಿ ಬರೂದು ಬ್ಯಾಡ."

ಬೀರವ್ವ ಹನ್ನೆರಡು ವರ್ಷದಿಂದ ಆ ಅಂಗಡಿಯ ಕಸ ಹೊಡೆದವಳು. ಗಂಡನಿಲ್ಲ, ಬೇರೆ ಕೆಲಸವಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನಿಂತಳು. ದ್ಯಾಮಪ್ಪನಿಗೆ ತಡೆಯಲಾಗಲಿಲ್ಲ, ಹೋಗಿ ನಿಜಲಿಂಗಪ್ಪನವರನ್ನೇ ಕರೆತಂದ.

"ಯವ್ವಾ, ಪಿನ್ನು ಮುಟ್ಟಬೇ," ಎಂದ ದ್ಯಾಮಪ್ಪ ಬೀರವ್ವನಿಗೆ.

ಆಗಷ್ಟೇ ಒರೆಸಿದ ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತವಳು ಬೆರಳು ಚಾಚಿ ಮುಟ್ಟಿದಳು. ಯಂತ್ರದ ಕೆಂಪು ಅಂಕಿಗಳು ಮಿಸುಕಲಿಲ್ಲ.

"ಈಗ ನೀವು ಮುಟ್ಟರಿ, ರಾಯರ."

ರಾಯರು ಕುರ್ಚಿಯಿಂದೆದ್ದು, ಧಾಬಳಿ ಕೊಡವಿ, ದೊಡ್ಡಸ್ತಿಕೆಯಿಂದ ಬೆರಳು ಚಾಚಿದರು. ಚಟ್. ಅಂಕಿಗಳೆಲ್ಲ ಆರಿಹೋದವು.

"ಕಾಲ ಕೆಟ್ಟದ," ಎಂದು ರಾಯರು ಗೊಣಗಿದರು.

"ಕಾಲಕ್ಕೇನೂ ಆಗಿಲ್ರಿ," ಎಂದ ದ್ಯಾಮಪ್ಪ. "ಮಶೀನಿಗೆ ನಿಮ್ಮ ಮೈಲಿಗಿ ಆಗತೈತಿ."

ನಿಜಲಿಂಗಪ್ಪನವರು ಆರಿದ ಯಂತ್ರವನ್ನು ನೋಡಿದರು, ರಾಯರನ್ನು ನೋಡಿದರು. "ಚಿಪ್ಪು ತರಸು, ಮುಚ್ಚಳಾ ಹಾಕು," ಎಂದರು ದ್ಯಾಮಪ್ಪನಿಗೆ. "ಇನ್ನ ಮ್ಯಾಲೆ ಬೀರವ್ವನ ಹೊರತು ಯಾರೂ ಇದರ ಹತ್ತರ ಹೋಗೂದು ಬ್ಯಾಡ."

ಸೋಮವಾರ ಬೀರವ್ವ ಬಂದಳು. ಯಂತ್ರದ ಸುತ್ತ ಸುಣ್ಣದ ಗೆರೆ ಎಳೆದು, ಧಾಬಳಿಯ ರಾಯರನ್ನು ಆಚೆ ನಿಲ್ಲಿಸಿ, ಒಳಗೆ ಹೋಗಿ ಒರೆಸತೊಡಗಿದಳು.